ಕಡತ, ಕಿರ್ದಿ ಮತ್ತು ನಮ್ಮ ಹೈಸ್ಕೂಲು

ಹೈಸ್ಕೂಲಿನ ಮಕ್ಕಳಿಗೆ ವ್ಯವಹಾರವನ್ನೂ ವೃತ್ತಿಯನ್ನೂ ಪಾಠವಾಗಿ ಕಲಿಸುವ ವಿಚಾರವಾಗಿ ನಾಲ್ಕು ಮಾತನಾಡಬೇಕೆಂದು ಆಕಾಶವಾಣಿಯ ಮಿತ್ರರು ಕೇಳಿದಾಗ ನಾನು ಮೊದಲು ಹಿಂಜರಿದೆ. ಮೂರು ದಶಕಗಳಿಗೂ ಮೀರಿ ಕನ್ನಡ ಸಾಹಿತ್ಯವನ್ನು ಬೋಧಿಸಿ ನಿವೃತ್ತನಾದವನು ನಾನು. ನಮ್ಮ ಮನೆಯ ಹಾಲಿನ ಲೆಕ್ಕವನ್ನು ಕೂಡ ನಾನು ಇಟ್ಟವನಲ್ಲ. ಅದು ಮನೆಯಾಕೆಯ ಇಲಾಖೆ. ಇಂಥವನು ವಾಣಿಜ್ಯದ ಮಾತನ್ನೆತ್ತಿದರೆ ಕೇಳುವವರು ನಕ್ಕಾರು ಎಂಬ ಅಂಜಿಕೆ ಸಹಜವೇ. ಆದರೂ ಒಪ್ಪಿಕೊಂಡೆ. ಈ ವಿಷಯದಲ್ಲಿ ಕನ್ನಡ ಮೇಷ್ಟರುಗಳಾದ ನಮ್ಮದೂ ಒಂದು ತಪ್ಪಿದೆ ಎಂಬ ಅರಿವು ಈಚಿನ ವರ್ಷಗಳಲ್ಲಿ ನನ್ನನ್ನು ಬಾಧಿಸುತ್ತಿರುವುದೇ ಅದಕ್ಕೆ ಕಾರಣ.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಪದವಿಪೂರ್ವ ಹಂತದಲ್ಲಿ ವೃತ್ತಿಶಿಕ್ಷಣದ ವಿಭಾಗಕ್ಕೆ ಸೇರಿ, ವಿದ್ಯುತ್ ಮೋಟಾರುಗಳ ದುರಸ್ತಿಯನ್ನು ಕಲಿತು, ಊರಿನಲ್ಲಿ ಸ್ವಂತದ್ದೊಂದು ಅಂಗಡಿ ಇಟ್ಟುಕೊಂಡವನು. ಸುಟ್ಟ ಮೋಟಾರಿಗೆ ತಾಮ್ರದ ತಂತಿ ಸುತ್ತುವುದರಲ್ಲಿ ಸುತ್ತಮುತ್ತಲ ಹಳ್ಳಿಗಳಲ್ಲಿ ಅವನಿಗೆ ಸಾಟಿಯಿಲ್ಲವೆಂದು ರೈತರು ಹೇಳುವುದನ್ನು ನಾನೇ ಕೇಳಿದ್ದೇನೆ. ಅವನ ಕೈಯಲ್ಲಿ ಮಡಿಸಿದ ಕೆಲವು ಕಾಗದಗಳಿದ್ದವು. “ಸಾರ್, ಸ್ನೇಹಿತ ಸಾಲ ತಗೊಳ್ಳುವಾಗ ನಾನು ಸಾಕ್ಷಿ ಹಾಕಿದ್ದೆ, ಅಷ್ಟೇ. ಈಗ ಆ ದುಡ್ಡನ್ನ ನೀನೇ ಕಟ್ಟು ಅಂತ ನೋಟೀಸು ಬಂದಿದೆ” ಎಂದ. ಕಾಗದಗಳನ್ನು ಬಿಡಿಸಿ ನೋಡಿದೆ. ಎಲ್ಲವೂ ಇಂಗ್ಲಿಷಿನಲ್ಲಿದ್ದವು. ಅವನು ರುಜು ಮಾಡಿದ್ದುದು ಸಾಕ್ಷಿಯ ಜಾಗದಲ್ಲಲ್ಲ, ಜಾಮೀನುದಾರನ ಜಾಗದಲ್ಲಿ. ನಮ್ಮ ದೇಶದ 1872ರ ಕರಾರು ಕಾಯಿದೆಯ 128ನೆಯ ವಿಧಿಯ ಪ್ರಕಾರ, ಬೇರೆ ಮಾತುಕತೆ ಇಲ್ಲದಿದ್ದಲ್ಲಿ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಗೆ ಸರಿಸಮ. ಸ್ನೇಹಿತ ಊರು ಬಿಟ್ಟಿದ್ದ. ಇವನು ನಾಲ್ಕು ವರ್ಷ ಆ ಸಾಲವನ್ನು ತೀರಿಸಿದ. ಅಂಗಡಿಯ ಹಿಂದಿನ ಅರ್ಧ ಜಾಗವನ್ನು ಬಿಟ್ಟುಕೊಡಬೇಕಾಯಿತು.

ಹೊರಡುವಾಗ ಅವನು ನಗುತ್ತಲೇ ಒಂದು ಮಾತು ಹೇಳಿದ: “ಭಾಮಿನಿ ಷಟ್ಪದಿಗೂ ವಾರ್ಧಕಕ್ಕೂ ಇರೋ ವ್ಯತ್ಯಾಸ ಈಗಲೂ ನೆನಪಿದೆ ಸಾರ್. ನೀವು ಅಷ್ಟು ಚೆನ್ನಾಗಿ ಹೇಳಿಕೊಟ್ಟಿದ್ರಿ.” ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಸಾಕ್ಷಿ, ಜಾಮೀನು—ಎರಡೂ ಕನ್ನಡ ನಿಘಂಟಿನ ಮಾತುಗಳೇ. ಇವುಗಳ ವ್ಯತ್ಯಾಸವನ್ನು ಹೇಳಿಕೊಡಬೇಕಾದವನು ಯಾರು? ಮೋಟಾರಿನ ಪಾಠ ಹೇಳುವವನು ಅದು ತನ್ನ ಕೆಲಸವಲ್ಲವೆಂದ. ಕನ್ನಡದ ಪಾಠ ಹೇಳುವ ನಾನು ಅದು ಸಾಹಿತ್ಯವಲ್ಲವೆಂದುಕೊಂಡೆ. ನಡುವೆ ಹುಡುಗ ಬಿದ್ದ.

ಈ ಎರಡು ಪಾಠಗಳು ಯಾವಾಗ ಬೇರೆಯಾದುವೆಂದು ಹುಡುಕುತ್ತ ಹೋದಾಗ ಸಿಕ್ಕಿದ್ದು ಒಂದು ಹಳೆಯ ವರದಿ. ಮದರಾಸಿನ ಗವರ್ನರಾಗಿದ್ದ ಥಾಮಸ್ ಮನ್ರೋ 1822ರಲ್ಲಿ ತನ್ನ ಪ್ರಾಂತದ ದೇಶೀಯ ಶಾಲೆಗಳ ಸ್ಥಿತಿಗತಿಯನ್ನು ವಿಚಾರಿಸಿ ತಿಳಿಸಬೇಕೆಂದು ಎಲ್ಲ ಕಲೆಕ್ಟರುಗಳಿಗೂ ಬರೆಸಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳುಹಿಸಿದ ಉತ್ತರ ಅವುಗಳಲ್ಲೆಲ್ಲ ಹೆಚ್ಚು ವಿವರವಾದದ್ದು. ಆಗಿನ ಬಳ್ಳಾರಿ ಜಿಲ್ಲೆ ಈಗಿನ ಅನಂತಪುರದ ಕಡೆಯನ್ನೂ ಒಳಗೊಂಡಿತ್ತು; ಒಂಬತ್ತು ಲಕ್ಷಕ್ಕೂ ಮೀರಿದ ಜನಸಂಖ್ಯೆ. ಅದರಲ್ಲಿ 533 ಶಾಲೆಗಳು, 6,641 ಮಕ್ಕಳು. ಕನ್ನಡದ ಶಾಲೆಗಳು 235, ತೆಲುಗಿನವು 226. ಮರಾಠಿ, ಪಾರಸಿ, ತಮಿಳು, ಸಂಸ್ಕೃತಗಳ ಶಾಲೆಗಳು ಉಳಿದವು. ಇಂಗ್ಲಿಷಿನದು ಒಂದೇ ಒಂದು.

ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಆಮೇಲೆ ಬರೆಯುವ ಹಲಗೆ ಹಿಡಿಯುವುದು, ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವುದು—ಎಲ್ಲವನ್ನೂ ಆತ ಬಣ್ಣಿಸಿದ್ದಾನೆ. ಅವರು ಬರೆಯುತ್ತಿದ್ದ ಒಂದು ಸಾಧನವಂತೂ ಗಮನಿಸತಕ್ಕದ್ದು. ಬಟ್ಟೆಗೆ ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದಂತೆ ಮಡಿಕೆ ಮಡಿಕೆಯಾಗಿ ಮಡಿಸಿ, ಇದ್ದಿಲ ಪುಡಿ ಮತ್ತು ಅಂಟುಗಳ ಲೇಪ ಹಚ್ಚಿದ ಕಪ್ಪು ಹಾಳೆ. ಅದರ ಮೇಲೆ ಬಳಪದಿಂದ ಬರೆದು, ಬೇಡವಾದರೆ ಒದ್ದೆ ಬಟ್ಟೆಯಿಂದ ಒರೆಸಬಹುದು. ಇದೇ ನಮ್ಮ ಕಡತ. ಅಂಗಡಿಯವನ ಲೆಕ್ಕವೂ ಕಡತದಲ್ಲೇ, ಮಠದ ಆಯವ್ಯಯವೂ ಕಡತದಲ್ಲೇ. ಶೃಂಗೇರಿ ಮಠದ ಕಡತಗಳು ಇಂದಿಗೂ ಚರಿತ್ರಕಾರರಿಗೆ ಆಕರಗಳಾಗಿವೆ. ಇವತ್ತು ಸರ್ಕಾರಿ ಕಚೇರಿಯಲ್ಲಿ ‘ಕಡತ ವಿಲೇವಾರಿ’ ಎನ್ನುತ್ತಾರಲ್ಲ, ಆ ಕಡತವೂ ಇದರ ಸಂತಾನವೇ. ಶಾಲೆಯಲ್ಲಿ ಹುಡುಗ ಯಾವುದರ ಮೇಲೆ ಮಗ್ಗಿ ಬರೆದನೋ ದೊಡ್ಡವನಾದ ಮೇಲೆ ಅಂಥದರ ಮೇಲೆಯೇ ಜಮಾಖರ್ಚು ಬರೆದ. ಶಾಲೆಗೂ ಅಂಗಡಿಗೂ ನಡುವೆ ಇದ್ದದ್ದು ಒಂದು ಹೊಸಿಲು ಮಾತ್ರ.

ಹಿಂದಿನದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಆ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು 60. ಬಡತನ ಹೆಚ್ಚಿ ಎಷ್ಟೋ ಮನೆಗಳವರು ಮಕ್ಕಳನ್ನು ಶಾಲೆ ಬಿಡಿಸುತ್ತಿದ್ದಾರೆ ಎಂದು ಕ್ಯಾಂಪ್‌ಬೆಲ್ಲನೇ ಬರೆದಿದ್ದಾನೆ. ಅದಕ್ಕಿಂತ ನನಗೆ ತಟ್ಟಿದ್ದು ಅವನ ಇನ್ನೊಂದು ದೂರು. ಶಾಲೆಗಳಲ್ಲಿ ಓದಿಸುವ ಪುಸ್ತಕಗಳು ಪದ್ಯದಲ್ಲಿವೆ. ಅವುಗಳ ಭಾಷೆ ಜನರ ಮಾತಿನ ಭಾಷೆಯಲ್ಲ, ವ್ಯವಹಾರದ ಭಾಷೆಯೂ ಅಲ್ಲ. ಹುಡುಗರು ನೂರಾರು ಪದ್ಯಗಳನ್ನು ಗಿಳಿಗಳಂತೆ ಒಪ್ಪಿಸುತ್ತಾರೆ, ಅರ್ಥ ತಿಳಿಯದು. ಎಷ್ಟೋ ಸಲ ಗುರುವಿಗೂ ತಿಳಿಯದು ಎಂದು ಆತನ ಆಕ್ಷೇಪ. ಪರದೇಶದ ಅಧಿಕಾರಿಯೊಬ್ಬನ ಮಾತು, ಅದರಲ್ಲಿ ತಾತ್ಸಾರವೂ ಇದ್ದೀತು. ಆದರೆ ನನ್ನ ಷಟ್ಪದಿಯ ಶಿಷ್ಯನನ್ನು ನೆನೆದರೆ, ಇನ್ನೂರು ವರ್ಷಗಳ ಹಿಂದಿನ ಆ ದೂರನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ.

ಹಾಗಾದರೆ ಕಾವ್ಯಕ್ಕೂ ಲೆಕ್ಕಕ್ಕೂ ಹುಟ್ಟಿನಿಂದಲೇ ವೈರವೆ? ನಮ್ಮ ಸಾಹಿತ್ಯದ ಇತಿಹಾಸ ಹಾಗೆ ಹೇಳುವುದಿಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ, ಬಡ್ಡಿಯ ಲೆಕ್ಕ, ಚಿನ್ನದ ಬಣ್ಣ ಬೆರೆಸುವ ಲೆಕ್ಕ ಎಲ್ಲವೂ ಅಲ್ಲಿ ಶ್ಲೋಕಗಳಾಗಿವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕನ್ನಡದಲ್ಲೇ ‘ವ್ಯವಹಾರಗಣಿತ’ವನ್ನು ಬರೆದ. ಕನ್ನಡದಲ್ಲಿ ಗಣಿತವನ್ನು ಬರೆದವರಲ್ಲಿ ನಮಗೆ ತಿಳಿದಂತೆ ಅವನೇ ಮೊದಲಿಗ. ತ್ರೈರಾಶಿ, ಪಂಚರಾಶಿಗಳನ್ನು ಪದ್ಯದಲ್ಲಿ ಹೇಳಿ, ಉದಾಹರಣೆ ಕೊಟ್ಟು ಬಿಡಿಸುತ್ತಾನೆ. ಎಂ.ಎ. ತರಗತಿಯಲ್ಲಿ ನಾವು ರಾಜಾದಿತ್ಯನ ಹೆಸರನ್ನೂ ಕೃತಿಗಳ ಪಟ್ಟಿಯನ್ನೂ ಟಿಪ್ಪಣಿಯಲ್ಲಿ ಬರೆದುಕೊಂಡೆವು. ಅವನ ಒಂದು ಲೆಕ್ಕವನ್ನೂ ಬಿಡಿಸಲಿಲ್ಲ.

ವ್ಯಾಪಾರದ ಪಾಠವನ್ನು ಮಕ್ಕಳಿಗೆ ಒಂದು ನಗರ ಮನಸ್ಸಿಟ್ಟು ಕಲಿಸಿದರೆ ಏನಾಗುತ್ತದೆ ಎಂಬುದಕ್ಕೆ ದೂರದ ಇಟಲಿಯ ನಿದರ್ಶನವೊಂದನ್ನು ಇಲ್ಲಿ ನೆನೆಯಬಹುದು. ಹದಿನಾಲ್ಕನೆಯ ಶತಮಾನದ ಫ್ಲಾರೆನ್ಸ್ ನಗರದಲ್ಲಿ ‘ಅಬಾಕೊ’ ಶಾಲೆಗಳು ಎಂಬ ಲೆಕ್ಕದ ಶಾಲೆಗಳಿದ್ದವು. ಅಲ್ಲಿನ ಚರಿತ್ರಕಾರ ವಿಲ್ಲಾನಿ 1338ರ ಸುಮಾರಿನಲ್ಲಿ ಇಂಥ ಆರು ಶಾಲೆಗಳನ್ನು ಲೆಕ್ಕ ಹಾಕಿದ್ದಾನೆ. ಓದುತ್ತಿದ್ದವರು ಸಾವಿರದಿಂದ ಸಾವಿರದಿನ್ನೂರು ಹುಡುಗರು. ಹತ್ತು ಹನ್ನೊಂದರ ವಯಸ್ಸಿನಲ್ಲಿ ಸೇರಿ, ಸುಮಾರು ಎರಡು ವರ್ಷ ಬಡ್ಡಿ, ಪಾಲುಗಾರಿಕೆ, ನಾಣ್ಯ ವಿನಿಮಯಗಳ ಲೆಕ್ಕವನ್ನು ತಮ್ಮ ಆಡುನುಡಿಯಲ್ಲಿ ಕಲಿಯುತ್ತಿದ್ದರು. ಆಮೇಲೆ ಕೆಲವರು ಅಂಗಡಿಗೆ, ಕೆಲವರು ಲ್ಯಾಟಿನ್ ಓದಿಗೆ. ರಾಜನೀತಿಯ ಗ್ರಂಥದಿಂದ ಪ್ರಸಿದ್ಧನಾದ ಮೆಕಿಯಾವೆಲ್ಲಿ ಕೂಡ ಬಾಲ್ಯದಲ್ಲಿ ಅಬಾಕೊ ಕಲಿಯಲು ಹೋದವನೇ. ಅವನ ತಂದೆಯ ದಿನಚರಿಯಲ್ಲಿ ಅದರ ದಾಖಲೆಯಿದೆ. ಇಮ್ಮಡಿ ನಮೂದಿನ ಲೆಕ್ಕಪದ್ಧತಿಯನ್ನು ಮೊದಲು ಅಚ್ಚಿನಲ್ಲಿ ವಿವರಿಸಿದ ಲೂಕಾ ಪಾಚೋಲಿ ಎಂಬ ಸಂನ್ಯಾಸಿ 1494ರಲ್ಲಿ ವೆನಿಸ್ಸಿನಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದಾಗ ಅದನ್ನು ಲ್ಯಾಟಿನ್ನಿನಲ್ಲಿ ಬರೆಯದೆ ಜನರ ಇಟಾಲಿಯನ್ನಿನಲ್ಲಿ ಬರೆದ. ವಿದ್ವಾಂಸರ ಭಾಷೆ ಅವನಿಗೆ ಬರುತ್ತಿರಲಿಲ್ಲವೆಂದಲ್ಲ. ಓದಬೇಕಾದವನು ವ್ಯಾಪಾರಿ ಎಂಬುದು ಅವನಿಗೆ ಗೊತ್ತಿತ್ತು.

ನಮ್ಮಲ್ಲಿ ಆದದ್ದು ಇದಕ್ಕೆ ತಿರುವು ಮುರುವು. ಇಂಗ್ಲಿಷ್ ವಿದ್ಯಾಭ್ಯಾಸ ಬಂದ ಮೇಲೆ ಹೈಸ್ಕೂಲೆಂದರೆ ವಿಶ್ವವಿದ್ಯಾನಿಲಯಕ್ಕೆ ಹತ್ತುವ ಮೆಟ್ಟಿಲಾಯಿತು. 1882ರ ಹಂಟರ್ ಆಯೋಗ ಇದನ್ನು ಗಮನಿಸಿ, ಹೈಸ್ಕೂಲಿನ ಮೇಲಿನ ತರಗತಿಗಳನ್ನು ಎರಡು ಕವಲು ಮಾಡಬೇಕು. ಒಂದು ಕಾಲೇಜಿನ ಕಡೆಗೆ, ಇನ್ನೊಂದು ವಾಣಿಜ್ಯವೇ ಮೊದಲಾದ ಲೌಕಿಕ ವೃತ್ತಿಗಳ ಕಡೆಗೆ ಎಂದು ಸಲಹೆ ಮಾಡಿತು. ಸಲಹೆ ಸಾಧುವಾಗಿಯೇ ಇತ್ತು. ಆದರೆ ಎರಡನೆಯ ಬಾಗಿಲಿನಿಂದ ಒಳಗೆ ಹೋಗಲು ತಂದೆತಾಯಿಗಳು ಒಪ್ಪಲಿಲ್ಲ. ಗುಮಾಸ್ತೆಯ ಕೆಲಸಕ್ಕೂ ಮೆಟ್ರಿಕ್ಯುಲೇಷನ್ನನ್ನೇ ಕೇಳುತ್ತಿದ್ದರು. ಮನೆಗೆ ಎರಡು ಬಾಗಿಲಿಟ್ಟು, ಒಂದನ್ನು ನೆಂಟರಿಗೂ ಇನ್ನೊಂದನ್ನು ಆಳುಗಳಿಗೂ ಎಂದು ಗೊತ್ತುಮಾಡಿದರೆ ಯಾರು ತಾನೆ ಎರಡನೆಯದರಲ್ಲಿ ಕಾಲಿಡುತ್ತಾರೆ?

ಮುಂದಿನ ಕಥೆಯೆಲ್ಲ ಇದೇ ಎರಡು ಬಾಗಿಲುಗಳ ಕಥೆ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕಸಬನ್ನೇ ವಿದ್ಯೆಯ ನಡುಗಂಬವನ್ನಾಗಿ ಮಾಡಬೇಕೆಂದರು. ಬಾಗಿಲು ಒಂದೇ ಇರಲಿ ಎಂದವರು ಅವರೊಬ್ಬರೇ. 1952–53ರ ಮೊದಲಿಯಾರ್ ಆಯೋಗ ವಿವಿಧೋದ್ದೇಶ ಶಾಲೆಗಳನ್ನು ಸೂಚಿಸಿ, ಏಳು ವಿಷಯ ಗುಂಪುಗಳಲ್ಲಿ ವಾಣಿಜ್ಯವನ್ನೂ ಒಂದಾಗಿಸಿತು. 1964–66ರ ಕೊಠಾರಿ ಆಯೋಗ ಕಾರ್ಯಾನುಭವ ಎಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂದಿತು. ಹೆಸರು ಉದ್ದವಾದಷ್ಟೂ ಪಾಠ ಗಿಡ್ಡವಾಯಿತು. ನಾನು ಹೈಸ್ಕೂಲಿನಲ್ಲಿದ್ದಾಗ ಕ್ರಾಫ್ಟ್ ಪಿರಿಯಡ್ಡಿನಲ್ಲಿ ನಾವು ಸೀಮೆಸುಣ್ಣದ ಕಡ್ಡಿ ತಯಾರಿಸುತ್ತಿದ್ದೆವು. ಅವನ್ನು ನಮ್ಮ ಯಾವ ಮೇಷ್ಟರೂ ಬೋರ್ಡಿನ ಮೇಲೆ ಬಳಸಿದ್ದು ನಾನು ಕಾಣೆ. ಪೇಟೆಯಿಂದ ತಂದದ್ದರಲ್ಲಿಯೇ ಬರೆಯುತ್ತಿದ್ದರು. ಅದಕ್ಕೆ ಎಷ್ಟು ಖರ್ಚಾಯಿತು, ಪೇಟೆಯದಕ್ಕಿಂತ ಅಗ್ಗವೋ ದುಬಾರಿಯೋ ಎಂದು ಯಾರೂ ಕೇಳಲೂ ಇಲ್ಲ. ಕೇಳಿದ್ದಿದ್ದರೆ ಅದೊಂದು ವ್ಯವಹಾರ ಪಾಠವಾಗುತ್ತಿತ್ತು.

ಶಾಲೆ ಕೊಡದಿದ್ದುದನ್ನು ಊರಿನ ಟೈಪಿಂಗ್ ಇನ್‌ಸ್ಟಿಟ್ಯೂಟು ಕೊಟ್ಟಿತೆನ್ನಬೇಕು. ಎಪ್ಪತ್ತರ ದಶಕದಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿದ ಮರುದಿನವೇ ಹುಡುಗರನ್ನೂ ಹುಡುಗಿಯರನ್ನೂ ಅಲ್ಲಿಗೆ ಅಟ್ಟುವುದು ನಮ್ಮ ಊರುಗಳ ಪದ್ಧತಿಯಾಗಿತ್ತು. ಸಾಲಾಗಿ ಕೂತ ಹತ್ತು ಯಂತ್ರಗಳ ಟಕಟಕ ಸದ್ದು, ರಿಬ್ಬನ್ನಿನ ಮಸಿ, ಎ ಎಸ್ ಡಿ ಎಫ್ ಜಿ ಎಫ್ ಎಂದು ಸಾಲುಗಟ್ಟಲೆ ಬಡಿದ ಹಾಳೆಗಳು. ಕನ್ನಡದ ಯಂತ್ರವೂ ಒಂದು ಮೂಲೆಯಲ್ಲಿತ್ತು, ಕೆ. ಅನಂತಸುಬ್ಬರಾಯರು ಕನ್ನಡದ ಒತ್ತಕ್ಷರಗಳನ್ನೆಲ್ಲ ಅಷ್ಟೇ ಕೀಲಿಗಳಲ್ಲಿ ಅಡಗಿಸಿದ ಜಾಣ್ಮೆಯನ್ನು ನಾನು ಮೊದಲು ಕಂಡು ಬೆರಗಾದದ್ದು ಅಲ್ಲೇ. ನನ್ನ ವೇಗ ಪರೀಕ್ಷೆ ದಾಟುವಷ್ಟು ಬೆಳೆಯಲಿಲ್ಲ. ಆದರೆ ಆ ಇನ್‌ಸ್ಟಿಟ್ಯೂಟಿನ ಯಜಮಾನರು ಯಂತ್ರದ ಜೊತೆಗೆ ಇನ್ನೊಂದನ್ನೂ ಕಲಿಸುತ್ತಿದ್ದರು: ಪತ್ರದ ಎಡಮೂಲೆಯಲ್ಲಿ ಏನು, ಬಲಮೂಲೆಯಲ್ಲಿ ಏನು, ವಿಷಯವನ್ನು ಒಂದು ಸಾಲಿನಲ್ಲಿ ಹೇಳುವುದು ಹೇಗೆ, ಉಲ್ಲೇಖ ಎಂದರೇನು, ಕಳುಹಿಸಿದ ಕಾಗದದ ಪ್ರತಿಯೊಂದು ನಮ್ಮ ಬಳಿ ಏಕೆ ಉಳಿಯಬೇಕು. ಗೋದ್ರೇಜ್ ಕಂಪನಿ 2009ರಲ್ಲಿ ಟೈಪ್‌ರೈಟರುಗಳ ತಯಾರಿಕೆಯನ್ನೇ ನಿಲ್ಲಿಸಿತು. ಯಂತ್ರ ಹೋಯಿತು, ವೇಗ ಹೋಯಿತು. ಪ್ರತಿಯನ್ನು ಇಟ್ಟುಕೊ ಎಂಬ ಬುದ್ಧಿ ನನ್ನ ಜೊತೆ ಉಳಿಯಿತು. ನಿವೃತ್ತಿವೇತನದ ತಕರಾರು ಬಂದಾಗ ನನ್ನನ್ನು ಕಾಪಾಡಿದ್ದೂ ಅದೇ.

ಕಸಬನ್ನು ಕಲಿಸುವ ಸಂಸ್ಥೆಯನ್ನು ಗೌರವದಿಂದ ಕಟ್ಟಿದ ನಿದರ್ಶನ ಮೈಸೂರು ಸೀಮೆಯಲ್ಲಿ ಇಲ್ಲದೆ ಇಲ್ಲ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ 1943ರಲ್ಲಿ ಹುಟ್ಟಿದ್ದು ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಪದವಿಪೂರ್ವ ಹಂತದಲ್ಲಿ ‘ಜೆ.ಓ.ಸಿ.’ ಎಂದು ಜನ ಕರೆಯುತ್ತಿದ್ದ ಉದ್ಯೋಗಾಧಾರಿತ ಕೋರ್ಸುಗಳು ಕರ್ನಾಟಕದಲ್ಲಿ ಬಂದವು. 1986ರ ರಾಷ್ಟ್ರೀಯ ಶಿಕ್ಷಣ ನೀತಿ, 1990ರ ಹೊತ್ತಿಗೆ ಆ ಹಂತದ ಮಕ್ಕಳಲ್ಲಿ ನೂರಕ್ಕೆ ಹತ್ತು, 1995ರ ಹೊತ್ತಿಗೆ ನೂರಕ್ಕೆ ಇಪ್ಪತ್ತೈದು ಜನ ವೃತ್ತಿಶಿಕ್ಷಣಕ್ಕೆ ಬರಬೇಕೆಂದು ಗುರಿ ಹಾಕಿತು; ಗುರಿ ದೂರವಾದಾಗ 1992ರಲ್ಲಿ ಗಡುವನ್ನು ಐದೈದು ವರ್ಷ ಮುಂದಕ್ಕೆ ತಳ್ಳಲಾಯಿತು. ನಾನು ಆ ವಿಭಾಗದ ಹುಡುಗರಿಗೆ ಕನ್ನಡ ಹೇಳುತ್ತಿದ್ದೆ. ಅಧ್ಯಾಪಕರ ಕೊಠಡಿಯಲ್ಲಿ ಅವರನ್ನು ‘ಆ ಕಡೆಯ ಹುಡುಗರು’ ಎನ್ನುತ್ತಿದ್ದೆವು. ನಾನೂ ಹಾಗೆಯೇ ಅಂದಿದ್ದೇನೆ. ಮುಂದೆ ಆ ಕೋರ್ಸುಗಳು ನಿಂತುಹೋದವು.

ಈಗ ಹೊಸದೊಂದು ಬಾಗಿಲು ತೆರೆದಿದೆ. 2013ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕೌಶಲ್ಯ ಅರ್ಹತೆಗಳ ಚೌಕಟ್ಟನ್ನು ಪ್ರಕಟಿಸಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಹಿಡಿದು ಶಾಲೆಗಳಲ್ಲಿ ‘ಎನ್.ಎಸ್.ಕ್ಯು.ಎಫ್.’ ಎನ್ನುತ್ತಾರೆ. ಅದರಡಿ ಒಂಬತ್ತನೆಯ ತರಗತಿಯಿಂದಲೇ ಮಾಹಿತಿ ತಂತ್ರಜ್ಞಾನ, ರೀಟೇಲ್ ಎಂದರೆ ಚಿಲ್ಲರೆ ವ್ಯಾಪಾರ, ಆಟೋಮೊಬೈಲ್, ಸೌಂದರ್ಯ ಸೇವೆ ಮುಂತಾದ ವಿಷಯಗಳು ಆಯ್ದ ಸರ್ಕಾರಿ ಶಾಲೆಗಳಲ್ಲಿವೆ. 2020ರ ಶಿಕ್ಷಣ ನೀತಿಯಂತೂ, 2025ರ ಹೊತ್ತಿಗೆ ಓದುವವರಲ್ಲಿ ಅರ್ಧದಷ್ಟು ಜನರಿಗಾದರೂ ವೃತ್ತಿಶಿಕ್ಷಣದ ಪರಿಚಯ ಆಗಬೇಕೆಂದು ಬರೆಯಿತು. ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಬೇಕೆಂದೂ ಹೇಳಿತು. ಇದು ಒಳ್ಳೆಯ ಮಾತು. ಗಾಂಧೀಜಿಯ ಒಂದೇ ಬಾಗಿಲು ಹತ್ತು ದಿನದ ಮಟ್ಟಿಗಾದರೂ ತೆರೆಯುತ್ತದಲ್ಲ.

ಆದರೆ ನನ್ನನ್ನು ಯೋಚನೆಗೆ ಹಚ್ಚಿದ ಸಂಗತಿಗಳು ಎರಡು. ಇತ್ತೀಚಿನ ವರ್ಷಗಳ ಎಸ್.ಎಸ್.ಎಲ್.ಸಿ. ವೇಳಾಪಟ್ಟಿಯನ್ನು ನೋಡಿ: ಈ ವೃತ್ತಿವಿಷಯಗಳ ಪರೀಕ್ಷೆ ನಡೆದಿರುವುದು ತೃತೀಯ ಭಾಷೆಯ ಪರೀಕ್ಷೆಯ ದಿನವೇ, ಅದರ ಬದಲಿಗೆ ಇದು. ಭಾಷೆಯನ್ನು ಬಿಟ್ಟವನಿಗೆ ಕಸಬು, ಕಸಬನ್ನು ಬಿಟ್ಟವನಿಗೆ ಭಾಷೆ ಎಂಬಂತೆ. ಆಡಳಿತದ ಅನುಕೂಲಕ್ಕೆ ಮಾಡಿದ್ದಿರಬಹುದು, ಒಪ್ಪೋಣ. ಆದರೂ ನನಗೆ ಅಧ್ಯಾಪಕರ ಕೊಠಡಿಯ ಆ ಹಳೆಯ ಮಾತು ನೆನಪಾಗುತ್ತದೆ. ಎರಡನೆಯದು ಇದಕ್ಕಿಂತ ದೊಡ್ಡದು. ರೀಟೇಲ್ ಓದುವ ಮಗುವನ್ನು ಯಾವ ಕೆಲಸಕ್ಕೆ ಅಣಿಗೊಳಿಸುತ್ತಾರೆ ಎಂದು ಕೇಳಿದರೆ, ದೊಡ್ಡ ಮಳಿಗೆಯ ಸಹಾಯಕನ ಕೆಲಸಕ್ಕೆ. ಮಾಹಿತಿ ತಂತ್ರಜ್ಞಾನದವನನ್ನು ಕಂಪ್ಯೂಟರಿಗೆ ಮಾಹಿತಿ ತುಂಬುವ ಕೆಲಸಕ್ಕೆ. ಕೆಲಸ ಯಾವುದೂ ಕೀಳಲ್ಲ. ಉದ್ಯಮಶೀಲತೆಯ ಒಂದು ಭಾಗವೂ ಪಠ್ಯದಲ್ಲಿದೆ. ಆದರೂ ಒಟ್ಟು ಓದಿನ ಮುಖ ಇರುವುದು ಇನ್ನೊಬ್ಬರ ಅಂಗಡಿಯ ಕಡೆಗೆ. ಮರಳಿನ ಮೇಲೆ ಅಕ್ಷರ ತಿದ್ದಿ ಕಡತ ಹಿಡಿದ ಬಳ್ಳಾರಿಯ ಹುಡುಗ ಕಲಿತದ್ದು ತನ್ನ ಅಂಗಡಿಯ, ತನ್ನ ಹೊಲದ ಲೆಕ್ಕವನ್ನು. ನಮ್ಮ ಊರುಗಳಲ್ಲಿ ಬೇಕರಿ, ಹೊಲಿಗೆ, ಹಿಟ್ಟಿನ ಗಿರಣಿ, ಮೊಬೈಲ್ ರಿಪೇರಿ ಎಂದು ಸ್ವಂತ ದುಡಿಮೆಯಿಂದ ಬದುಕುವವರೆಷ್ಟು ಜನ! ಅವರ ಮಕ್ಕಳೇ ಈ ತರಗತಿಗಳಲ್ಲಿ ಕೂತಿರುವವರು.

ಹಾಗಾದರೆ ಏನನ್ನು ಕಲಿಸಬೇಕು? ಕಸಬು ಯಾವುದಾದರೂ ಇರಲಿ, ಅದು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಟೈಪ್‌ರೈಟರಿನ ಗತಿಯನ್ನು ನೋಡಿದೆವು. ಬದಲಾಗದ ಒಂದೆರಡನ್ನು ಕುರಿತು ಹೇಳುತ್ತೇನೆ. ಮೊದಲನೆಯದು ಕಿರ್ದಿ. ದಿನವಹಿ ಲೆಕ್ಕದ ಪುಸ್ತಕಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ರೋಜುಕಿರ್ದಿ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ದಿನದ ಕೊನೆಗೆ ಉಳಿದದ್ದು ಶಿಲ್ಕು. ಬೆಳಗ್ಗೆ ಆ ಶಿಲ್ಕಿನಿಂದಲೇ ಮತ್ತೆ ಆರಂಭ. ಕಿರ್ದಿಯಿಂದ ಆಯಾ ಮನುಷ್ಯನ ಹೆಸರಿಗೆ ಎತ್ತಿ ಬರೆದರೆ ಅದು ಖಾತೆ, ಖಾತೆಗಳ ಪುಸ್ತಕ ಖತಾವಣಿ. ಇಷ್ಟನ್ನು ಒಂಬತ್ತನೆಯ ತರಗತಿಯ ಮಗು ಒಂದು ತಿಂಗಳಲ್ಲಿ ಕಲಿಯಬಲ್ಲದು. ಮೋಟಾರು ರಿಪೇರಿಯ ನನ್ನ ಶಿಷ್ಯನಿಗೆ ದಿನಕ್ಕೆ ಎಷ್ಟು ದುಡ್ಡು ಬರುತ್ತದೆಂದು ಗೊತ್ತಿತ್ತು. ಎಷ್ಟು ಉಳಿಯುತ್ತದೆಂದು ಗೊತ್ತಿರಲಿಲ್ಲ. ತಾಮ್ರದ ತಂತಿಯ ಸಾಲ, ಅಂಗಡಿಯ ಬಾಡಿಗೆ, ಮನೆಯ ರೇಷನ್ನು ಎಲ್ಲವೂ ಒಂದೇ ಜೇಬಿನಿಂದ ಹೋಗುತ್ತಿದ್ದವು. ಅಂಗಡಿಯ ದುಡ್ಡು ಬೇರೆ, ಮನೆಯ ದುಡ್ಡು ಬೇರೆ ಎಂಬುದೇ ವಾಣಿಜ್ಯಶಾಸ್ತ್ರದ ಮೊದಲ ಪಾಠವೆಂದು ಆ ಶಾಸ್ತ್ರ ಬಲ್ಲ ಗೆಳೆಯರು ನನಗೆ ಹೇಳಿದ್ದಾರೆ.

ಎರಡನೆಯದು ಬಡ್ಡಿ. ಪಠ್ಯಪುಸ್ತಕದಲ್ಲಿ ಸರಳಬಡ್ಡಿ, ಚಕ್ರಬಡ್ಡಿಗಳ ಸೂತ್ರವಿದೆ. ಪೇಟೆಯಲ್ಲಿ ಬಡ್ಡಿ ಬೇರೆ ವೇಷದಲ್ಲಿ ಬರುತ್ತದೆ. ಒಂದು ಲಕ್ಷ ರೂಪಾಯಿ ಸಾಲ, ನೂರಕ್ಕೆ ಹನ್ನೆರಡು ಬಡ್ಡಿ, ಎರಡು ವರ್ಷ ತಿಂಗಳ ಕಂತು ಎಂದು ಇಬ್ಬರು ಸಾಲಗಾರರಿಗೆ ಹೇಳಿದರೆಂದುಕೊಳ್ಳಿ. ಒಬ್ಬನಿಗೆ ‘ಫ್ಲಾಟ್’ ಲೆಕ್ಕ: ಪೂರ್ತಿ ಲಕ್ಷಕ್ಕೆ ಎರಡು ವರ್ಷದ ಬಡ್ಡಿ 24,000 ರೂಪಾಯಿ ಕೂಡಿಸಿ ಇಪ್ಪತ್ನಾಲ್ಕರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 5,167 ರೂಪಾಯಿ. ಇನ್ನೊಬ್ಬನಿಗೆ ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ: ಮೊದಲ ತಿಂಗಳು ಲಕ್ಷದ ಮೇಲೆ 1,000, ಕಂತು ಕಟ್ಟಿ ಅಸಲು 96,293ಕ್ಕೆ ಇಳಿದ ಮೇಲೆ ಎರಡನೆಯ ತಿಂಗಳು 963—ಹೀಗೆ ಇಳಿಯುತ್ತ ಹೋಗುತ್ತದೆ. ಅವನ ಕಂತು ಸುಮಾರು 4,707. ಎರಡು ವರ್ಷದ ಒಟ್ಟು ಬಡ್ಡಿ 13,000ದ ಒಳಗೇ. ಇಬ್ಬರೂ ಕೇಳಿದ್ದು ‘ಹನ್ನೆರಡು’ ಎಂಬ ಒಂದೇ ಮಾತನ್ನು. ಮೊದಲನೆಯವನು ನಿಜವಾಗಿ ತೆತ್ತದ್ದು ವರ್ಷಕ್ಕೆ ನೂರಕ್ಕೆ ಇಪ್ಪತ್ತೊಂದೂವರೆಯಷ್ಟು. ಈ ಲೆಕ್ಕವನ್ನು ನನಗೆ ಹೇಳಿಕೊಟ್ಟವರು ನಿವೃತ್ತ ಬ್ಯಾಂಕ್ ನೌಕರರೊಬ್ಬರು. ಅರವತ್ತು ದಾಟಿದ ಮೇಲೆ ನಾನು ಅದನ್ನು ಕಲಿತೆ. ರಾಜಾದಿತ್ಯ ಇದ್ದಿದ್ದರೆ ಇದನ್ನೊಂದು ಕಂದಪದ್ಯ ಮಾಡಿ, ಕೆಳಗೆ ಬಿಡಿಸಿ ತೋರಿಸುತ್ತಿದ್ದನೇನೋ.

ಮೂರನೆಯದು ಕಾಗದ ಓದುವುದು. ಇದು ಕನ್ನಡ ಮೇಷ್ಟರ ಪಾಲಿನದು. 2024ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯಂತೆ, ಆ ವರ್ಷದ ಅಕ್ಟೋಬರ್ 1ರಿಂದ ಮಂಜೂರಾಗುವ ಸಾಮಾನ್ಯ ಜನರ ಹಾಗೂ ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೆಲ್ಲ ಮುಖ್ಯಾಂಶಗಳ ಪತ್ರವೊಂದನ್ನು ಸಾಲಗಾರನಿಗೆ ಕೊಡಬೇಕು. ಬಡ್ಡಿ, ಶುಲ್ಕಗಳೆಲ್ಲ ಸೇರಿದ ವಾರ್ಷಿಕ ದರ ಅದರಲ್ಲಿರಬೇಕು. ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಎಂದರೆ ಕನ್ನಡದಲ್ಲಿ ಕೇಳುವ ಹಕ್ಕು ನಮ್ಮವನಿಗಿದೆ. ಆದರೆ ಕೇಳಬೇಕೆಂದು ಅವನಿಗೆ ಯಾರು ಹೇಳುತ್ತಾರೆ? ಕೊಟ್ಟ ಕಾಗದದ ಕನ್ನಡ ಅವನಿಗೆ ಅರ್ಥವಾಗುತ್ತದೆಯೇ? ಇಂಥ ಪತ್ರವೊಂದನ್ನು, ಒಂದು ಬಾಡಿಗೆ ಕರಾರನ್ನು, ಒಂದು ಜಾಮೀನು ಪತ್ರವನ್ನು ಹತ್ತನೆಯ ತರಗತಿಯ ಕನ್ನಡ ಪುಸ್ತಕದಲ್ಲಿ ಪಾಠವಾಗಿ ಇಡಬಾರದೇಕೆ? ಸಾಹಿತ್ಯಪ್ರಿಯರಾದ ನೀವು ಹುಬ್ಬು ಗಂಟಿಕ್ಕಬಹುದು. ರನ್ನ ಕುಮಾರವ್ಯಾಸರನ್ನು ಕಿತ್ತುಹಾಕಿ ಎಂದು ನಾನೇಕೆ ಹೇಳಲಿ? ಅವರಿಂದಲೇ ನಾನು ಅನ್ನ ಉಂಡವನು. ಒಂದು ಕಂದಪದ್ಯದ ಅನ್ವಯವನ್ನು ಬಿಡಿಸಬಲ್ಲ ಹುಡುಗನಿಗೆ ಕರಾರಿನ ಉದ್ದ ವಾಕ್ಯವನ್ನು ಬಿಡಿಸುವುದು ಹೆಚ್ಚಿನ ಕೆಲಸವಲ್ಲ. ಕರ್ತೃ ಯಾರು, ಕ್ರಿಯೆ ಯಾವುದು, ಹೊಣೆ ಯಾರ ಮೇಲೆ—ಎರಡು ಕಡೆಯೂ ಕೇಳಬೇಕಾದ ಪ್ರಶ್ನೆ ಅದೇ.

ಇದಕ್ಕೆ ಅಡ್ಡಿಗಳಿಲ್ಲವೆಂದಲ್ಲ. ಗುತ್ತಿಗೆಯ ಮೇಲೆ ಬರುವ ವೃತ್ತಿಶಿಕ್ಷಕನಿಗೆ ಮುಂದಿನ ವರ್ಷ ತಾನಿರುತ್ತೇನೋ ಇಲ್ಲವೋ ಎಂಬ ಚಿಂತೆ. ಕನ್ನಡದ ಶಿಕ್ಷಕನಿಗೆ ಪಠ್ಯ ಮುಗಿಸುವ ಧಾವಂತ. ಅಂಕಪಟ್ಟಿಯಲ್ಲಿ ಕಾಣದ ಪಾಠವನ್ನು ತಂದೆತಾಯಿಗಳು ಕೇಳುವುದೂ ಇಲ್ಲ. ಇಬ್ಬರು ಶಿಕ್ಷಕರು ವಾರಕ್ಕೆ ಒಂದು ಅವಧಿ ಒಂದೇ ಕೊಠಡಿಯಲ್ಲಿ ನಿಂತರೆ ಎಷ್ಟೋ ಆದೀತು ಎಂದು ಮಾತ್ರ ನನಗೆ ತೋರುತ್ತದೆ.

ನನ್ನ ಶಿಷ್ಯನ ಸಾಲ ತೀರಿತು. ಅವನ ಮಗಳು ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಭಾನುವಾರ ಬೆಳಗ್ಗೆ ತಂದೆಯೂ ಮಗಳೂ ನಮ್ಮ ಮನೆಗೆ ಬರುವುದುಂಟು. ನಾನು ಕನ್ನಡ ಹೇಳುತ್ತೇನೆ, ಲೆಕ್ಕವನ್ನು ನಮ್ಮ ಮನೆಯಾಕೆ ನೋಡುತ್ತಾರೆ. ಕಳೆದ ತಿಂಗಳು ಆ ಹುಡುಗಿ ಅಂಗಡಿಗೆಂದು ಹೊಸ ಕಿರ್ದಿ ಪುಸ್ತಕವೊಂದನ್ನು ತಂದು ತೋರಿಸಿದಳು. ಮೊದಲ ಪುಟದ ನೆತ್ತಿಯ ಮೇಲೆ ಶ್ರೀಕಾರ, ಅದರ ಕೆಳಗೆ ತಾರೀಖು, ಎಡಗಡೆ ಮೊದಲ ಸಾಲಿನಲ್ಲಿ ದುಂಡಾಗಿ ಬರೆದಿದ್ದಳು: ‘ಆರಂಭದ ಸಿಲ್ಕು 340 ರೂ.’ ಶಕಾರ ಸಕಾರವಾಗಿತ್ತು. ಅಭ್ಯಾಸಬಲದಿಂದ ಕೆಂಪು ಪೆನ್ನನ್ನು ಕೈಗೆ ತೆಗೆದುಕೊಂಡೆ. ಆಮೇಲೆ ‘ಸಿಲ್ಕು’ ಎಂಬ ರೂಪವೂ ಜನರ ಬಳಕೆಯಲ್ಲಿದೆ ಎಂಬುದು ನೆನಪಾಗಿ, ಪೆನ್ನನ್ನು ಕೆಳಗಿಟ್ಟು, ಮುಂದಿನ ಸಾಲಿನಲ್ಲಿ ಏನು ಬರೆದಿದ್ದಾಳೆಂದು ಓದತೊಡಗಿದೆ.